ಟರ್ಕಿ ಬೇಟೆಯ ತಿಂಗಳಲ್ಲಿ ಅರ್ಡೆತ್ ಯೋಸ್ಟ್ ಹಿಡಿದ ಮತಗಳು

ಅರ್ಡೆತ್ ಯೋಸ್ಟ್ ಮೂವತ್ತೊಂದು ವರ್ಷ ನಮ್ಮ ಕೆಟಲ್ ಹಾಲೋದ ಶಾಲಾ ಬಸ್ಸು ಓಡಿಸಿದಳು. ಐವತ್ತರ ಒಳಗಿನ ಗಂಡಸರಲ್ಲಿ ಅವಳ ಬಸ್ಸಿನಲ್ಲಿ ಒಮ್ಮೆಯಾದರೂ ವಾಂತಿ ಮಾಡದವನು ಈ ಕಣಿವೆಯಲ್ಲಿ ಸಿಗುವುದು ಕಷ್ಟ. ಯಾರು ಯಾರನ್ನು ಕಚ್ಚಿದರು, ಯಾರು ಸೀಟಿನ ಹಿಂದೆ ಏನು ಕೆತ್ತಿದರು, ಯಾವನನ್ನು ಆರನೇ ತರಗತಿಯವರೆಗೂ ಅಮ್ಮ ಕೈಹಿಡಿದು ಬಸ್ಸು ಹತ್ತಿಸಬೇಕಾಗಿತ್ತು ಎಂಬುದೆಲ್ಲ ಅವಳ ತಲೆಯಲ್ಲಿ ಭದ್ರವಾಗಿತ್ತು. ಅವರೆಲ್ಲ ಈಗ ಗಡ್ಡ ಬಿಟ್ಟು, ದೊಡ್ಡ ಟ್ರಕ್ಕು ಕೊಂಡು, ಅದಕ್ಕೆ ತಕ್ಕ ಹೊಟ್ಟೆಯನ್ನೂ ಬೆಳೆಸಿಕೊಂಡಿದ್ದಾರೆ. ಆದರೂ ಅರ್ಡೆತ್ ಎದುರಿಗೆ ಬಂದರೆ ಟೋಪಿ ತೆಗೆದು ನಿಲ್ಲುತ್ತಾರೆ.

ನಾನೂ ಅವಳೂ ಒಂದೇ ತರಗತಿಯಲ್ಲಿ ಓದಿದವರು. ಅವಳ ಗಂಡ ಹಾರ್ಲನ್ ನನ್ನ ಜೊತೆ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅವನು ತೀರಿಕೊಂಡ ಮೇಲೆ ಅವನ ಜೋಡುನಳಿಗೆ ಬಂದೂಕು, ಜೊತೆಗೆ ನಮ್ಮ ಬಂದೂಕು ಕ್ಲಬ್ಬಿನ ಕಾರ್ಯದರ್ಶಿಯ ಕೆಲಸ, ಎರಡೂ ಅವಳ ಪಾಲಿಗೆ ಬಂದವು. ಎರಡನ್ನೂ ಹಾರ್ಲನ್‌ಗಿಂತ ಚೆನ್ನಾಗಿ ನಡೆಸಿದಳು. ಹಾರ್ಲನ್ ಹೊಡೆದರೆ ಆಕಾಶಕ್ಕೆ ಪೆಟ್ಟಾಗುತ್ತಿತ್ತು. ಅರ್ಡೆತ್ ಗಾಳಿಯಲ್ಲಿ ಹಾರಿಬಿಟ್ಟ ಮಣ್ಣಿನ ಬಿಲ್ಲೆಗಳಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತಮೂರನ್ನು ಪುಡಿ ಮಾಡುತ್ತಿದ್ದಳು, ಉಳಿದ ಎರಡನ್ನು ನಮ್ಮ ಮರ್ಯಾದೆ ಉಳಿಸಲು ಬಿಡುತ್ತಿದ್ದಳೆಂದು ಕಾಣುತ್ತದೆ.

ಕ್ಲಬ್ಬಿನಲ್ಲಿ ಇನ್ನೂರ ಹನ್ನೆರಡು ಜನ ಸದಸ್ಯರು. ಗುಡ್ಡದ ಹಿಂದೆ ಗುರಿ ಹೊಡೆಯುವ ಮೈದಾನ. ಭಾನುವಾರ ಚರ್ಚ್ ಮುಗಿಸಿ ಎಲ್ಲರೂ ಅಲ್ಲಿಗೇ ಬರುತ್ತಿದ್ದೆವು. ಪಾದ್ರಿಯ ಉಪದೇಶ ಉದ್ದವಾದರೆ ಹಿಂದಿನ ಬೆಂಚುಗಳಲ್ಲಿ ಕೆಮ್ಮು ಶುರುವಾಗುತ್ತಿದ್ದುದು ಅದಕ್ಕೇ.

ಆ ಭಾನುವಾರಕ್ಕೆ ಕಲ್ಲು ಹಾಕಿದವನು ಲೈಮನ್ ಸ್ಟ್ರೌಬ್. ನಮ್ಮ ಊರ ಮಂಡಳಿಯ ಮೂವರು ಸದಸ್ಯರಲ್ಲಿ ಅವನೊಬ್ಬ. ಜಮೀನು ಮಾರುವ ವ್ಯಾಪಾರದವನು. ಗುಡ್ಡದ ಆಚೆ ಬದಿಯನ್ನು ತುಂಡು ತುಂಡು ಮಾಡಿ ಪಟ್ಟಣದವರಿಗೆ ವಾರಾಂತ್ಯದ ಮನೆ ಕಟ್ಟಿಕೊಳ್ಳಲು ಮಾರಿದ್ದ. ಆ ಜನ ಹಕ್ಕಿಯ ಹಾಡು ಕೇಳಲು ಬಂದರೆ ನಮ್ಮ ಬಂದೂಕಿನ ಹಾಡು ಕೇಳಿಸಿತು. ಸ್ಟ್ರೌಬನೂ, ಮಂಡಳಿಯಲ್ಲೇ ಇದ್ದ ಅವನ ಭಾವಮೈದುನನೂ ಕೈ ಎತ್ತಿದರು. ಭಾನುವಾರ ಮೈದಾನ ಪೂರ್ತಿ ಬಂದ್ ಎಂದು ನಿಯಮವಾಯಿತು.

ಮುಂದಿನ ಸಭೆಗೆ ನಾವು ಎಂಬತ್ತು ಜನ ಹೋದೆವು. ಕುರ್ಚಿ ಇದ್ದದ್ದು ಇಪ್ಪತ್ತು. ಮುಕ್ಕಾಲು ಗಂಟೆ ಎಲ್ಲರೂ ಒಟ್ಟಿಗೆ ಮಾತಾಡಿದೆವು, ಯಾರ ಮಾತೂ ಯಾರಿಗೂ ಕೇಳಲಿಲ್ಲ. ಕೊನೆಗೆ ಅರ್ಡೆತ್ ಎದ್ದು ನಿಂತಳು. ಗದ್ದಲ ನಿಂತಿತು.

"ಏನ್ರೀ ಸ್ಟ್ರೌಬ್, ನಿಮ್ಮನ್ನ ಈ ಕುರ್ಚೀಲಿ ಕೂರ್ಸಿದ್ದು ಯಾರು?" ಎಂದಳು.

ಸ್ಟ್ರೌಬ್ ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ, ಎಂದೂ ದನಿ ಏರಿಸಿದವನಲ್ಲ. "ಮಿಸೆಸ್ ಯೋಸ್ಟ್, ಮೇ ತಿಂಗಳ ಪ್ರೈಮರೀಲಿ ನಂಗೆ ಐವತ್ತೊಂದು ಓಟು ಬಿತ್ತು. ಎದುರು ನಿಂತವ್ನಿಗೆ ಮೂವತ್ತೇಳು. ನೀವೆಲ್ಲಿದ್ರಿ ಅವತ್ತು?"

"ನಾನು ನವೆಂಬರಲ್ಲಿ ಹಾಕಿದೀನಿ. ಒಂದು ವರ್ಷಾನೂ ತಪ್ಸಿಲ್ಲ."

"ನವೆಂಬರಲ್ಲಿ ಚೀಟೀಲಿ ಇದ್ದಿದ್ದು ನಂದೊಂದೇ ಹೆಸ್ರು. ಹಾಗಾದ್ರೆ ನಂಗೇ ಹಾಕಿರ್ತೀರಿ. ಥ್ಯಾಂಕ್ಸ್ ಕಣಮ್ಮ."

ಅರ್ಡೆತ್ ಕೂತಳು. 

ಸ್ಟ್ರೌಬ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಊರಲ್ಲಿ ಡೆಮಾಕ್ರಾಟ್ ಪಕ್ಷದವರು ಮಂಡಳಿಗೆ ಅಭ್ಯರ್ಥಿಯನ್ನೇ ನಿಲ್ಲಿಸದೆ ನಲವತ್ತು ವರ್ಷವಾಗಿತ್ತು. ಮೇ ತಿಂಗಳಲ್ಲಿ ರಿಪಬ್ಲಿಕನ್ ಎಂದು ಸರ್ಕಾರಿ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡವರು ತಮ್ಮೊಳಗೇ ಒಬ್ಬನನ್ನು ಆರಿಸುತ್ತಾರಲ್ಲ, ಆ ಪ್ರೈಮರಿಯಲ್ಲಿ ಗೆದ್ದವನಿಗೆ ನವೆಂಬರ್ ಎಂದರೆ ಬರೀ ಮೆರವಣಿಗೆ. ಆದರೆ ಮೇ ತಿಂಗಳೇ ಟರ್ಕಿ ಕೋಳಿ ಬೇಟೆಯ ತಿಂಗಳು. ಬಂದೂಕಿದ್ದವರೆಲ್ಲ ಬೆಳಗಾಗುವ ಮೊದಲೇ ಕಾಡಿಗೆ ಹೋಗಿ, ಮರಕ್ಕೆ ಬೆನ್ನು ಕೊಟ್ಟು, ಬಾಯಲ್ಲಿ ಪೀಪಿ ಇಟ್ಟುಕೊಂಡು ಹೆಣ್ಣು ಕೋಳಿಯಂತೆ ಕೂಗುತ್ತ ಕೂತಿರುತ್ತಾರೆ. ಸ್ಟ್ರೌಬ್ ಗೆದ್ದ ದಿನ ನಾನೂ ಹಾಗೇ ಕೂತಿದ್ದೆ. ಗಂಡು ಕೋಳಿ ಬರಲಿಲ್ಲ. ಸೊಳ್ಳೆಗಳು ಬಂದವು.

ಮರುದಿನ ಅರ್ಡೆತ್ ಜಿಲ್ಲಾ ಕಚೇರಿಗೆ ಹೋಗಿ ರಿಪಬ್ಲಿಕನ್ ಮತದಾರರ ಪಟ್ಟಿ ತಂದಳು. ಯಾರು ಯಾವ ಚುನಾವಣೆಯಲ್ಲಿ ಬಂದಿದ್ದರು ಎಂಬುದೂ ಅದರಲ್ಲಿತ್ತು, ಕೇಳಿದವರಿಗೆ ಕೊಡುತ್ತಾರೆ. ಕ್ಲಬ್ಬಿನ ಸಭೆಯಲ್ಲಿ ಆ ಮೇ ತಿಂಗಳಲ್ಲಿ ಮತ ಹಾಕಿದ್ದ ಸದಸ್ಯರ ಹೆಸರು ಓದಿದಳು. ಓದಲು ಅರ್ಧ ನಿಮಿಷ ಸಾಕಾಯಿತು. ಒಂಬತ್ತು ಜನ. ಅದರಲ್ಲಿ ಒಬ್ಬ ಅಷ್ಟರಲ್ಲಿ ಸತ್ತಿದ್ದ.

"ನಾನೂ ಹೋಗಿರ್ಲಿಲ್ಲ. ಆದ್ರಿಂದ ಯಾರ್ನೂ ಬೈಯಲ್ಲ," ಎಂದಳು. ಆಮೇಲೆ ಇಪ್ಪತ್ತು ನಿಮಿಷ ಎಲ್ಲರನ್ನೂ ಬೈದಳು. ಬಂದೂಕಿನ ಹಕ್ಕು ಹೋಯಿತು, ಹಕ್ಕು ಹೋಯಿತು ಎಂದು ಬಾರಿನಲ್ಲಿ ಕೂತು ಅಳುವವರು ಇಷ್ಟು ಜನ, ಅದನ್ನು ಕಾಯಲು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಹತ್ತು ನಿಮಿಷ ಕೊಡಲಾಗದವರೂ ಅಷ್ಟೇ ಜನ ಎನ್ನುವುದು ಅವಳ ಮಾತಿನ ತಾತ್ಪರ್ಯ. ನಡುನಡುವೆ ಕೆಲವರ ಬಾಲ್ಯದ ಸಂಗತಿಗಳೂ ಬಂದವು.

ಸ್ಟ್ರೌಬನ ಅವಧಿ ಮುಗಿಯಲು ಇನ್ನೂ ಎರಡು ವರ್ಷವಿತ್ತು. ಮೊದಲ ಒಂದು ವರ್ಷ ಅವಳಿಗೆ ಅಭ್ಯರ್ಥಿಯನ್ನು ಹುಡುಕುವುದರಲ್ಲೇ ಹೋಯಿತು. ಮಾತು ಬಲ್ಲವರು ಯಾರೂ ಒಪ್ಪಲಿಲ್ಲ. ಒಪ್ಪಿದವನು ವೆಂಡೆಲ್ ಗ್ರೋವ್. ಹೊಡೆದ ಪ್ರಾಣಿಗಳ ಚರ್ಮದೊಳಗೆ ಹುಲ್ಲು ತುಂಬಿಸಿ ಜೀವವಿದ್ದಂತೆ ನಿಲ್ಲಿಸುವುದು ಅವನ ಕಸುಬು. ಅವನ ಅಂಗಡಿಗೆ ಹೋದರೆ ಗೋಡೆಯ ಮೇಲಿನ ಜಿಂಕೆಗಳು ಅವನಿಗಿಂತ ಹೆಚ್ಚು ಬಾಯಿಬಿಡುತ್ತವೆ ಎನಿಸುತ್ತದೆ. ಅವನು ಒಪ್ಪಿದ್ದೂ ಬಾಯಿಬಿಟ್ಟಲ್ಲ. ಅರ್ಡೆತ್ ಮೂರು ಸಲ ಕೇಳಿದಾಗ ಮೂರು ಸಲವೂ ಸುಮ್ಮನಿದ್ದ. ಬೇಡ ಅನ್ನಲಿಲ್ಲವಲ್ಲ ಎಂದು ಅವಳೇ ಅರ್ಜಿ ಬರೆದು ಸಹಿ ಹಾಕಿಸಿದಳು.

ಎರಡನೇ ವರ್ಷ ಮನೆಮನೆ ಸುತ್ತಿದಳು. ಹಳೇ ಬಸ್ಸು ನಿಲ್ಲುತ್ತಿದ್ದ ಕ್ರಮದಲ್ಲೇ ಒಂದೊಂದು ಮನೆಗೆ ಹೋಗುತ್ತಿದ್ದಳು. ನನಗೆ ಹಲ್ಲು ನೋವಿಲ್ಲದ ದಿನಗಳಲ್ಲಿ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಅಲ್ಲೇ ನಮೂನೆ ತುಂಬಿಸುತ್ತಿದ್ದಳು. ಕೆಲವರು ಅವಳ ಕಾರು ಕಂಡರೆ ಹಿಂಬಾಗಿಲಿನಿಂದ ಕೊಟ್ಟಿಗೆಗೆ ಓಡುತ್ತಿದ್ದರು. ಯಾವ ಮನೆಗೆ ಎಷ್ಟು ಬಾಗಿಲೆಂದು ಅವಳಿಗೆ ಗೊತ್ತಿತ್ತು.

ನೆಪಗಳನ್ನು ಕೇಳಬೇಕಿತ್ತು ನೀವು. ಒಬ್ಬನಿಗೆ ಮೇ ತಿಂಗಳಲ್ಲಿ ಚುನಾವಣೆ ಇರುವುದೇ ಗೊತ್ತಿಲ್ಲ. ಒಬ್ಬನಿಗೆ ಎಲ್ಲ ರಾಜಕಾರಣಿಗಳೂ ಕಳ್ಳರು, ಅವರಲ್ಲಿ ಆರಿಸುವುದೇನು ಎಂಬ ವೈರಾಗ್ಯ. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಗ್ಯಾರಿಸನ್ ಎಂಬ ಮೆಕ್ಯಾನಿಕ್ಕನದು.

"ಪಟ್ಟೀಲಿ ಹೆಸ್ರು ಬಂದ್ರೆ ನನ್ನತ್ರ ಬಂದೂಕಿದೆ ಅಂತ ಸರ್ಕಾರಕ್ಕೆ ಗೊತ್ತಾಗುತ್ತೆ ಮಿಸೆಸ್ ಯೋಸ್ಟ್," ಎಂದ, ದನಿ ತಗ್ಗಿಸಿ.

ಅರ್ಡೆತ್ ಅವನ ಟ್ರಕ್ಕಿನ ಕಡೆ ತಿರುಗಿದಳು. ಹಿಂದಿನ ಗಾಜಿನ ತುಂಬ ಬಂದೂಕಿನ ಚಿತ್ರಗಳಿದ್ದವು. ಒಂದು ಚಿತ್ರದ ಕೆಳಗೆ, ಒಳಗೆ ಬಂದರೆ ಗುಂಡು ಹಾರುತ್ತದೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

"ಸರ್ಕಾರಕ್ಕೆ ಕಣ್ಣು ಕಾಣಲ್ಲ ಅಂದ್ಕೊಂಡಿದೀಯೇನೋ? ಸಹಿ ಹಾಕು."

ಸಹಿ ಹಾಕಿದ.

ಚುನಾವಣೆಯ ದಿನ ಹ್ಯಾಮ್ ಎಂಬ ಹಂದಿಮಾಂಸ ಹಾಕಿದ ಬೀನ್ಸ್ ಕಾಳಿನ ಸೂಪು ಮಾಡುತ್ತೇನೆ, ಮತ ಹಾಕಿ ಬಂದವರಿಗೆಲ್ಲ ಕ್ಲಬ್ಬಿನಲ್ಲಿ ಊಟ ಎಂದು ಅವಳು ಮೊದಲೇ ಬೋರ್ಡು ಬರೆದು ಸಾರಿದಳು. ಮತಕ್ಕೆ ಬದಲು ಊಟ ಕೊಟ್ಟರೆ ಕಾನೂನು ಪ್ರಕಾರ ಲಂಚ ಎಂದು ಜಿಲ್ಲಾ ಕಚೇರಿಯಿಂದ ಫೋನು ಬಂತು. ಅರ್ಡೆತ್ ಬೋರ್ಡು ಅಳಿಸಿ ಹೊಸದು ಬರೆದಳು: ಮತ ಹಾಕಿದವರಿಗೂ ಸೂಪು, ಹಾಕದವರಿಗೂ ಸೂಪು, ಬಡಿಸುವವಳು ಅರ್ಡೆತ್. ಅದು ಬೆದರಿಕೆಯೋ ಆಹ್ವಾನವೋ ಎಂದು ಕಚೇರಿಯವರಿಗೂ ತಿಳಿಯಲಿಲ್ಲ, ಸುಮ್ಮನಾದರು.

ಉಳಿದದ್ದು ಟರ್ಕಿಯ ಸಮಸ್ಯೆ. ಬೇಟೆಗೆ ಹೋಗಬೇಡಿ ಎಂದರೆ ದೇವರು ಬಂದು ಹೇಳಿದರೂ ನಮ್ಮವರು ಕೇಳುವವರಲ್ಲ. ಅವರು ಮತಗಟ್ಟೆಗೆ ಬರುವುದಿಲ್ಲವೆಂದರೆ ಕಾಡಿನ ಬಾಯಿಗೇ ಹೋಗಿ ಹತ್ತಿಸಿಕೊಳ್ಳುತ್ತೇನೆ ಎಂದಳು. ಶಾಲೆಯವರು ಮಾರಿದ್ದ ಅವಳದೇ ಹಳೇ ಬಸ್ಸು ಕ್ಲಬ್ಬಿನ ಹಿಂದೆ ಗುರಿಹಲಗೆಗಳನ್ನು ತುಂಬಿಕೊಂಡು ನಿಂತಿತ್ತು. ಗ್ಯಾರಿಸನ್ ಹದಿನೈದು ದಿನ ಅದರ ಕೆಳಗೆ ಮಲಗಿ ಎದ್ದ. ಇಂಜಿನ್ನು ಕೆಮ್ಮಿ, ಕಪ್ಪು ಹೊಗೆ ಉಗುಳಿ, ಒಂದು ಇಲಿ ಸಂಸಾರವನ್ನು ಹೊರಗೆ ಓಡಿಸಿ ಶುರುವಾಯಿತು.

ಚುನಾವಣೆಯ ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಅರ್ಡೆತ್ ಬಸ್ಸು ತೆಗೆದಳು. ನಾನು ಪಕ್ಕದಲ್ಲಿ. ಕಾಡಿನ ದಾರಿಗಳು ರಸ್ತೆಗೆ ಸೇರುವ ಒಂದೊಂದು ಕಡೆಯೂ ನಿಲ್ಲಿಸಿ, ಹಿಂದೆ ಮಕ್ಕಳಿಗೆ ಬಾರಿಸುತ್ತಿದ್ದಂತೆ ಮೂರು ಸಲ ಹಾರ್ನ್ ಬಾರಿಸಿದಳು. ಮೊದಲ ಎರಡು ಕಡೆ ಯಾರೂ ಬರಲಿಲ್ಲ. ಮೂರನೆಯ ಕಡೆ ಪೊದೆ ಅಲುಗಿತು. ಎಲೆಬಣ್ಣದ ಬಟ್ಟೆ ತೊಟ್ಟು, ಮುಖಕ್ಕೆಲ್ಲ ಕಪ್ಪು ಹಸಿರು ಬಳಿದುಕೊಂಡ ಐವರು ಬಂದೂಕು ಹಿಡಿದು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೊರಗೆ ಬಂದರು. ಮೂವತ್ತು ವರ್ಷ ಹಿಂದಿನ ಹಾರ್ನು ಕಾಲನ್ನು ತಾನಾಗಿ ಎಳೆದು ತಂದಿತೆಂದು ಅವರಲ್ಲೊಬ್ಬ ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡ. ಅವಳು ಬಾಗಿಲಲ್ಲೇ ತಡೆದು ಒಬ್ಬೊಬ್ಬರ ಬಂದೂಕಿನ ಗುಂಡು ತೆಗೆಸಿದಳು. ಬೂಟಿನ ಕೆಸರು ಒರೆಸಿಸಿದಳು. ಸುಮ್ಮನೆ ಕೂರಿ ಎಂದಳು. ಸುಮ್ಮನೆ ಕೂತರು.

ಅವತ್ತು ಆರು ಸುತ್ತು ಹೊಡೆದೆವು. ಮತಗಟ್ಟೆ ಇದ್ದದ್ದು ಫೈರ್ ಸ್ಟೇಷನ್ನಿನ ಸಭಾಂಗಣದಲ್ಲಿ. ಬಂದೂಕುಗಳನ್ನು ಬಸ್ಸಿನಲ್ಲೇ ಬಿಟ್ಟು ಹೋಗಬೇಕು, ನಾನು ಕಾಯಬೇಕು ಎಂದು ಅರ್ಡೆತ್‌ಳ ಕಟ್ಟಪ್ಪಣೆ. ಒಂದು ಹೊತ್ತಿನಲ್ಲಿ ನನ್ನ ಸುತ್ತ ಮೂವತ್ತೇಳು ಬಂದೂಕು, ಎರಡು ಸತ್ತ ಟರ್ಕಿ. ಹಾದು ಹೋದ ಪಟ್ಟಣದ ದಂಪತಿ ನನ್ನನ್ನು ನೋಡಿ ಕಾರಿನ ಗಾಜು ಏರಿಸಿಕೊಂಡರು. ನಾನು ಕೈ ಬೀಸಿದೆ.

ಮತಗಟ್ಟೆಯ ಮೇಜಿಗೆ ಬ್ಯೂಲಾ ಹೆಸ್ ಯಜಮಾನಿ. ಇಪ್ಪತ್ತು ವರ್ಷದಿಂದ ಮೇ ತಿಂಗಳಲ್ಲಿ ಆ ಮೇಜಿನ ಹಿಂದೆ ಕೂತು ಸ್ವೆಟರ್ ಹೆಣೆಯುತ್ತಿದ್ದವಳು. ಅವತ್ತು ಹೆಣಿಗೆ ಕೈಗೆತ್ತಿಕೊಳ್ಳಲು ಆಗಲಿಲ್ಲ. ಬಣ್ಣ ಬಳಿದ ಮುಖಗಳಲ್ಲಿ ಯಾರು ಯಾರೆಂದು ತಿಳಿಯದೆ ಒದ್ದೆ ಬಟ್ಟೆಯ ಬುಟ್ಟಿ ಇಟ್ಟುಕೊಂಡು ಒಬ್ಬೊಬ್ಬರ ಮುಖ ಒರೆಸಿಸಿದಳು. ಗ್ಯಾರಿಸನ್‌ನ ಮುಖ ಎಷ್ಟು ಒರೆಸಿದರೂ ಹಾಗೇ ಇತ್ತು. ಅದು ಬಸ್ಸಿನ ಎಣ್ಣೆ.

ಐದು ಗಂಟೆಗೆ ಕೊನೆಯ ಸುತ್ತು ಮುಗಿಯಿತು. ಬಂದೂಕುಗಳನ್ನೆಲ್ಲ ಹಿಂದಿರುಗಿಸಿ ನಾನೂ ಅರ್ಡೆತ್‌ಳೂ ಒಳಗೆ ಹೋದೆವು. ಇನ್ನೂ ಹದಿನೈದು ಜನ ಸಾಲಿನಲ್ಲಿದ್ದರು. ಎಲ್ಲರೂ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು. ಬ್ಯೂಲಾ ಮತದಾರರ ಪುಸ್ತಕ ತೆರೆದು ಹೆಸರುಗಳ ಮೇಲೆ ಬೆರಳು ಇಳಿಸಿದಳು, ನಿಲ್ಲಿಸಿದಳು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು.

"ಅರ್ಡೆತ್, ನಿಂಗೆ ರಿಪಬ್ಲಿಕನ್ ಚೀಟಿ ಕೊಡಕ್ಕಾಗಲ್ಲ ಕಣೆ."

"ಯಾಕೆ?"

"ನೀನು ಡೆಮಾಕ್ರಾಟ್ ಅಂತಿದೆ."

 ಪಕ್ಷ ಬದಲಾಯಿಸುವ ಗಡುವು ಹದಿನೈದು ದಿನ ಹಿಂದೆಯೇ ಮುಗಿದಿತ್ತು. ಗಡುವಿನ ದಿನ ಊರೆಲ್ಲ ಫೋನು ಮಾಡಿ ನೆನಪಿಸಿದವಳು ಅವಳೇ. ರಿಪಬ್ಲಿಕನ್ ಪಟ್ಟಿಯನ್ನು ಎರಡು ವರ್ಷ ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಇಡೀ ಊರಿನ ಹೆಸರು ಹುಡುಕಿದ್ದಳು. ತನ್ನ ಹೆಸರು ಹುಡುಕಬೇಕೆಂದು ತೋಚಿರಲಿಲ್ಲ. ನವೆಂಬರಿನಲ್ಲಿ ಯಾವ ಪಕ್ಷವೆಂದು ಯಾರೂ ಕೇಳುವುದಿಲ್ಲ, ಹಾಗಾಗಿ ಗೊತ್ತಾಗುವ ಸಂದರ್ಭವೂ ಬಂದಿರಲಿಲ್ಲ.

ಹಿಂದೆ ಯಾರೋ ಒಬ್ಬ ಮೂಗಿನಲ್ಲೇ ನಕ್ಕ. ಅರ್ಡೆತ್ ತಿರುಗಿ ನೋಡಲಿಲ್ಲ. ತಿರುಗಿ ನೋಡದೆ ಇದ್ದದ್ದಕ್ಕೇ ನನಗೆ ಕಳವಳವಾಯಿತು. ಬ್ಯೂಲಾ ಮೆತ್ತಗೆ ಡೆಮಾಕ್ರಾಟರ ಚೀಟಿ ಚಾಚಿದಳು. ಮಂಡಳಿಯ ಸ್ಥಾನದ ಎದುರು ಅಭ್ಯರ್ಥಿಯ ಹೆಸರೇ ಇಲ್ಲ, ಬೇಕಾದವರ ಹೆಸರು ಕೈಯಲ್ಲಿ ಬರೆಯಲು ಬಿಟ್ಟ ಖಾಲಿ ಗೆರೆ. ಅರ್ಡೆತ್ ಅದನ್ನು ತೆಗೆದುಕೊಂಡು ಹೋಗಿ, ಏನೋ ಬರೆದು ಹಾಕಿ, ಯಾರ ಮುಖವನ್ನೂ ನೋಡದೆ ಹೊರಟು ಹೋದಳು.

ನಾನು ನನ್ನ ಮತ ಹಾಕಿ ಹುಡುಕಿದಾಗ ಅವಳು ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಿದ್ದಳು. ಕಣ್ಣು ಕೆಂಪಗಿತ್ತು. ನಾನು ಎದುರು ಕೂತೆ.

"ಹಾರ್ಲನ್ ತಾಯಿ," ಎಂದಳು. "ಮದ್ವೆಯಾದ ವರ್ಷ. ಈ ಮನೆ ಹೆಂಗಸ್ರೆಲ್ಲ ರಿಪಬ್ಲಿಕನ್ನರು, ನೀನೂ ಹಾಗೇ ಬರ್ಸು ಅಂದ್ಲು. ನಾನು ಮಾಡಿದ ಸೇಬಿನ ಪೈ ಚೆನ್ನಾಗಿಲ್ಲ ಅಂತ ಅವತ್ತೇ ಹೇಳಿದ್ಲು. ಹೋಗಿ ಡೆಮಾಕ್ರಾಟ್ ಅಂತ ಬರ್ಸಿ ಬಂದೆ ಕಣೋ ಎಲ್ವುಡ್. ಆಮೇಲೆ ಮರ್ತೇ ಹೋಯ್ತು."

ನನಗೆ ನಗು ತಡೆಯಲಾಗಲಿಲ್ಲ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು, ಆಮೇಲೆ ಅವಳಿಗೂ ನಗು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ಮಣ್ಣು ಸೇರಿ ಇಪ್ಪತ್ತಾರು ವರ್ಷವಾದ ಮೇಲೂ ಸೊಸೆಯನ್ನು ಒಂದು ಕೈ ನೋಡಿಕೊಂಡಿದ್ದಳು.

ಎಂಟು ಗಂಟೆಗೆ ಮತದಾನ ಮುಗಿದು ಎಣಿಕೆಯಾಯಿತು. ಫಲಿತಾಂಶ ಬರುವಾಗ ಎಲ್ಲರೂ ಕ್ಲಬ್ಬಿನಲ್ಲಿ ಸೂಪು ಕುಡಿಯುತ್ತಿದ್ದೆವು. ವೆಂಡೆಲ್ ಗ್ರೋವ್ ನೂರ ಎಂಬತ್ತೆಂಟು, ಲೈಮನ್ ಸ್ಟ್ರೌಬ್ ನೂರ ನಲವತ್ತಾರು. ಡೆಮಾಕ್ರಾಟರ ಕಡೆ ಕೈಯಲ್ಲಿ ಬರೆದ ಒಂದು ಮತ, ಅದೂ ಗ್ರೋವ್‌ಗೇ. ಯಾರದೆಂದು ಯಾರೂ ಕೇಳಲಿಲ್ಲ. ವೆಂಡೆಲ್‌ನನ್ನು ಕುರ್ಚಿಯ ಮೇಲೆ ಹತ್ತಿಸಿ ಮಾತಾಡು ಎಂದರು. ಅವನು ಸೂಪು ಚೆನ್ನಾಗಿದೆ ಎಂದು ಇಳಿದ.

ಗದ್ದಲ ಕಡಿಮೆಯಾದ ಮೇಲೆ ಅರ್ಡೆತ್ ಸೌಟು ಹಿಡಿದುಕೊಂಡೇ ಲೆಕ್ಕ ಹಾಕಿದಳು. ಸ್ಟ್ರೌಬನಿಗೆ ಹಿಂದಿನ ಸಲಕ್ಕಿಂತ ತೊಂಬತ್ತೈದು ಮತ ಹೆಚ್ಚು ಬಿದ್ದಿತ್ತು. ಎಲ್ಲಿಂದ ಬಂತು ಅಷ್ಟೊಂದು ಎಂದು ಕೇಳಿದಳು. ಅವಳ ತಮ್ಮ ಲೆರೋಯ್ ತಟ್ಟೆಯಿಂದ ತಲೆ ಎತ್ತದೆ, ತಾನು ಸ್ಟ್ರೌಬನಿಗೇ ಹಾಕಿದ್ದಾಗಿ ಹೇಳಿದ. ತನ್ನ ಮನೆಯ ರಸ್ತೆಗೆ ಜಲ್ಲಿ ಹಾಕಿಸಿದವನು ಅವನೊಬ್ಬನೇ ಎಂದ. ಇನ್ನೂ ನಾಲ್ಕಾರು ಜನ ಗಂಟಲು ಸರಿಮಾಡಿಕೊಂಡರು. ಭಾನುವಾರ ಮಧ್ಯಾಹ್ನ ನಿದ್ದೆ ಬರುತ್ತದೆ, ಸದ್ದಿಲ್ಲದಿದ್ದರೇ ಒಳ್ಳೆಯದು ಎಂದ ಒಬ್ಬ. ಅವನೂ ಕ್ಲಬ್ಬಿನ ಸದಸ್ಯನೇ, ಮನೆಯಲ್ಲಿ ಹನ್ನೊಂದು ಬಂದೂಕು ಇರುವವನು.

"ನನ್ನ ಬಸ್ಸಲ್ಲೇ ಬಂದ್ಯೇನೋ ಲೆರೋಯ್?" ಎಂದಳು ಅರ್ಡೆತ್.

"ಹೌದಕ್ಕ. ಎರಡನೇ ಸುತ್ತಲ್ಲಿ."

ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸೂಪು ಬಡಿಸಿದಳು. ಹ್ಯಾಮಿನ ತುಂಡು ಒಂದೂ ಬೀಳದಂತೆ ನೋಡಿಕೊಂಡಳು.

ಜನವರಿಯಲ್ಲಿ ವೆಂಡೆಲ್ ಕುರ್ಚಿಯಲ್ಲಿ ಕೂತ. ಮಂಡಳಿಯ ಮೂರನೆಯ ಸದಸ್ಯನೂ ಅವನ ಕಡೆ ಸೇರಿ ಭಾನುವಾರದ ಬಂದ್ ರದ್ದಾಯಿತು. ಆದರೆ ವೆಂಡೆಲ್ ಹಿಂದಿನಂತೆ ದಿನವಿಡೀ ಬಿಡಲಿಲ್ಲ, ಮಧ್ಯಾಹ್ನ ಒಂದರಿಂದ ಐದರವರೆಗೆ ಎಂದು ಬರೆಸಿದ. ಮುಂದಿನ ಸಾಲಿನಲ್ಲಿದ್ದ ಅರ್ಡೆತ್ ಎದ್ದಳು. ತಾನು ಎರಡು ವರ್ಷ ಅಲೆದು ಗೆಲ್ಲಿಸಿದ್ದು ನಾಲ್ಕು ಗಂಟೆಯ ಭಿಕ್ಷೆಗಲ್ಲ ಎಂದಳು. ವೆಂಡೆಲ್ ಕಿವಿಯವರೆಗೆ ಕೆಂಪಾದ. ನಾವೆಲ್ಲ ಅವನು ಸುಮ್ಮನಿರುತ್ತಾನೆಂದೇ ತಿಳಿದೆವು.

"ಲೆರೋಯ್ ಥರದವ್ರೂ ಈ ಊರಲ್ಲೇ ಇರೋದು ಮಿಸೆಸ್ ಯೋಸ್ಟ್," ಎಂದ. "ಅಲ್ದೆ ನೀವು ನನ್ನ ಪಕ್ಷದ ಮತದಾರ್ರೂ ಅಲ್ಲ."

ಅವನು ಹುಟ್ಟಿದ ಮೇಲೆ ಆಡಿದ ಅತ್ಯಂತ ಉದ್ದದ ಮಾತು ಅದೇ ಇರಬೇಕು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು, ಹಿಂದಿನ ಸಾಲಿನಲ್ಲಿ ಕೂತಿದ್ದ ಸ್ಟ್ರೌಬ್ ಕೂಡ. ಅರ್ಡೆತ್ ಒಂದು ವಾರ ವೆಂಡೆಲ್‌ನ ಅಂಗಡಿಯ ಮುಂದೆ ಹಾಯಲಿಲ್ಲ. ಎಂಟನೇ ದಿನ ಜಿಲ್ಲಾ ಕಚೇರಿಗೆ ಹೋಗಿ ಪಕ್ಷ ಬದಲಿಸುವ ನಮೂನೆ ತುಂಬಿದಳು. ಬರುವಾಗ ಚರ್ಚಿನ ಹಿಂದಿನ ಸ್ಮಶಾನದಲ್ಲಿ ನಿಂತು ಅತ್ತೆಗೂ ವಿಷಯ ತಿಳಿಸಿದೆ ಎಂದಳು. ಏನೆಂದು ತಿಳಿಸಿದಳೋ ನಾನು ವಿಚಾರಿಸಲು ಹೋಗಲಿಲ್ಲ.

ಆ ವರ್ಷದ ಮೇ ತಿಂಗಳಲ್ಲಿ ರಾಜ್ಯದ ಶಾಸನಸಭೆಗೆ ಪ್ರೈಮರಿ. ಬೆಳಗ್ಗೆ ಏಳಕ್ಕೆ ಬ್ಯೂಲಾ ಬಾಗಿಲು ತೆರೆದಾಗ ಸಾಲಿನಲ್ಲಿ ಮೊದಲು ನಿಂತಿದ್ದವಳು ಅರ್ಡೆತ್, ಬೇಟೆಯ ಬಟ್ಟೆಯಲ್ಲಿ. ಅವಳು ಮತ ಹಾಕಿದವನು ನಾಲ್ಕು ಸಾವಿರ ಮತಗಳಿಂದ ಸೋತ. ಸಂಜೆ ನಮ್ಮ ಮನೆಗೆ ಬಂದು ಗೆದ್ದವನನ್ನು ಒಂದು ಗಂಟೆ ಬೈದಳು. ನನ್ನ ಹೆಂಡತಿ ಮಾಡಿದ ಸೇಬಿನ ಪೈ ಎರಡು ತುಂಡು ತಿಂದು, ಉಪ್ಪು ಸ್ವಲ್ಪ ಹೆಚ್ಚಾಗಿದೆ ಎಂದು ಹೇಳಿ ಮನೆಗೆ ಹೋದಳು.